ಕಾರ್ಖಾನೆ ಬಂದರೂ ಬಡತನ ಯಾಕೆ ಹೋಗಲಿಲ್ಲ?

ಕುತೂಹಲಿ

ಗೆಳೆಯರೇ, ಬಹಳ ದಿನಗಳಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

1957ರಲ್ಲಿ ಘಾನಾಕ್ಕೆ ಸ್ವಾತಂತ್ರ್ಯ ಬಂತು. ಆಗ ಅಲ್ಲಿನ ತಲಾ ಆದಾಯವೂ ದಕ್ಷಿಣ ಕೊರಿಯಾದ ತಲಾ ಆದಾಯವೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿತ್ತು. ಘಾನಾದ ಕೈಯಲ್ಲಿ ಕೋಕೋ ಇತ್ತು, ಚಿನ್ನ ಇತ್ತು, ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್ ಇತ್ತು. ಕೊರಿಯಾ ಆಗಷ್ಟೇ ಯುದ್ಧದಲ್ಲಿ ಸುಟ್ಟು ಹೋಗಿತ್ತು. ದೇಶ ಎರಡು ಭಾಗವಾದಾಗ ಗಣಿಗಳಲ್ಲಿ ಹೆಚ್ಚಿನವು ಉತ್ತರದ ಪಾಲಾಗಿದ್ದವು.

ಘಾನಾದವರು ಕೈಕಟ್ಟಿ ಕೂತಿದ್ದರು ಎನ್ನುವ ಹಾಗೂ ಇಲ್ಲ. ಅಲ್ಲಿನ ಮೊದಲ ನಾಯಕ ಎನ್‌ಕ್ರೂಮಾ ಅವರಿಗೆ ಕೈಗಾರಿಕೆ ಎಂದರೆ ಅಪಾರ ನಂಬಿಕೆ. 1965ರಲ್ಲಿ ಅಕೊಸೊಂಬೊ ಅಣೆಕಟ್ಟು ಮುಗಿಯಿತು. ಅದರ ಹಿನ್ನೀರಿಗೆ ಸುಮಾರು 80,000 ಜನ ಮನೆ ಬಿಟ್ಟರು. ಆ ವಿದ್ಯುತ್ತಿನಿಂದ ತೇಮಾ ಎಂಬ ಬಂದರು ಊರಿನಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ನಡೆಯಿತು. ಅಷ್ಟಾದರೂ ಒಂದು ದೇಶ ಹಡಗು, ಕಾರು, ಚಿಪ್ ಮಾಡುವ ಮಟ್ಟಕ್ಕೆ ಹೋಯಿತು. ಇನ್ನೊಂದು ಇವತ್ತಿಗೂ ಬಹುಮಟ್ಟಿಗೆ ಚಿನ್ನ, ಕೋಕೋ, ಎಣ್ಣೆ ಮಾರಿಯೇ ಬದುಕುತ್ತಿದೆ.

ಕೆಲವರು ವಸಾಹತುಶಾಹಿ ಕಾರಣ ಅನ್ನುತ್ತಾರೆ, ಕೆಲವರು ಭ್ರಷ್ಟಾಚಾರ ಅನ್ನುತ್ತಾರೆ. ಎರಡರಲ್ಲೂ ನಿಜ ಇದೆ, ಆದರೆ ನನಗೆ ಎರಡೂ ಸಾಲುವುದಿಲ್ಲ. ನೀವೇನು ಹೇಳುತ್ತೀರಿ?

ಹಳೇ ಲೆಕ್ಕ

ಒಳ್ಳೆಯ ಪ್ರಶ್ನೆ. ಆದರೆ ಲೆಕ್ಕವನ್ನು 1957ರಿಂದ ಶುರು ಮಾಡಿದರೆ ಅರ್ಧ ಪುಟ ಹರಿದು ಹೋದ ಹಾಗೆ.

ಬಡ ದೇಶಗಳು ಮೊದಲಿನಿಂದಲೂ ಬಡವಾಗಿದ್ದವು ಎಂಬ ಭಾವನೆ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಆರ್ಥಿಕ ಇತಿಹಾಸಕಾರ ಪಾಲ್ ಬೈರೋಕ್ ಅವರ ಅಂದಾಜು ನೋಡಿ. 1750ರಲ್ಲಿ ಜಗತ್ತಿನಲ್ಲಿ ತಯಾರಾಗುತ್ತಿದ್ದ ಸರಕಿನಲ್ಲಿ ಸುಮಾರು ಕಾಲು ಭಾಗ ಭಾರತ ಉಪಖಂಡದ್ದು. 1900ರ ಹೊತ್ತಿಗೆ ಅದು ಶೇ. 2ಕ್ಕಿಂತ ಕೆಳಗೆ ಬಂದಿತ್ತು. ನೂರೈವತ್ತು ವರ್ಷದಲ್ಲಿ ನೇಕಾರರೆಲ್ಲ ನೇಯುವುದನ್ನು ಮರೆತರಾ? ಇಲ್ಲ ಅಲ್ವಾ?

ಇಂಗ್ಲೆಂಡಿನವರು 1700ರಲ್ಲಿ ಒಂದು, 1721ರಲ್ಲಿ ಇನ್ನೊಂದು ಕಾನೂನು ಮಾಡಿ ಭಾರತದಿಂದ ಬರುತ್ತಿದ್ದ ಅಚ್ಚಿನ ಹತ್ತಿಬಟ್ಟೆಗೆ ತಡೆ ಹಾಕಿದರು. ಆ ಬೇಲಿಯ ಒಳಗೆ ಅವರ ಗಿರಣಿಗಳು ಬೆಳೆದವು, ಹೊಸ ಯಂತ್ರಗಳು ಬಂದವು. ಬಲಿತ ಮೇಲೆ 'ವ್ಯಾಪಾರ ಮುಕ್ತವಾಗಿರಲಿ' ಎಂದರು. ಅಷ್ಟರಲ್ಲಿ ಅವರ ಆಳ್ವಿಕೆಗೆ ಬಂದಿದ್ದ ಭಾರತಕ್ಕೆ ಸುಂಕ ಹಾಕುವ ಅಧಿಕಾರವೇ ಇರಲಿಲ್ಲ. ಅಮೆರಿಕದ ಕಥೆಯೂ ಹೀಗೇ ಇದೆ. 1791ರಲ್ಲಿ ಅಲ್ಲಿನ ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಳೆಯ ಕೈಗಾರಿಕೆಗಳಿಗೆ ಆಸರೆ ಬೇಕು ಎಂದು ವರದಿ ಕೊಟ್ಟರು. ಹತ್ತೊಂಬತ್ತನೇ ಶತಮಾನದ ಬಹುಪಾಲು ಆ ದೇಶ ದೊಡ್ಡ ಸುಂಕದ ಗೋಡೆಯ ಹಿಂದೆಯೇ ಬೆಳೆಯಿತು.

ಆಫ್ರಿಕಾದ ಹಳೆಯ ರೈಲು ನಕ್ಷೆಯನ್ನು ಒಮ್ಮೆ ನೋಡಿ. ಹೆಚ್ಚಿನ ಹಳಿಗಳು ಗಣಿಯಿಂದ ಅಥವಾ ತೋಟದಿಂದ ಹೊರಟು ಬಂದರಿಗೆ ಹೋಗಿ ನಿಲ್ಲುತ್ತವೆ. ಪಕ್ಕದ ದೇಶಕ್ಕೆ ದಾರಿಯೇ ಇಲ್ಲ. ಸ್ವಾತಂತ್ರ್ಯ ಬಂದಾಗ ಕೈಗೆ ಸಿಕ್ಕಿದ್ದು ಈ ಹಳಿಗಳೇ.

ನೇರ ಮಾತು

'ಹಳೇ ಲೆಕ್ಕ' ಸರ್, ಇತಿಹಾಸವನ್ನು ಒಪ್ಪುತ್ತೇನೆ. ಆದರೆ ಕೊರಿಯಾ ಕೂಡ 1910ರಿಂದ 1945ರವರೆಗೆ ಜಪಾನಿನ ವಸಾಹತಾಗಿತ್ತು. ಲ್ಯಾಟಿನ್ ಅಮೆರಿಕದ ಬಹುತೇಕ ದೇಶಗಳು 1820ರ ದಶಕದಲ್ಲೇ ಸ್ವತಂತ್ರವಾದವು. ಅವು ಯಾಕೆ ಮುಂದೆ ಹೋಗಲಿಲ್ಲ?

ಸುಂಕದ ಗೋಡೆಯೇ ಮದ್ದು ಎನ್ನುವುದಾದರೆ ಆ ಮದ್ದನ್ನು ಬಹಳ ದೇಶಗಳು ಕುಡಿದಿವೆ. ಬ್ರೆಜಿಲ್, ಅರ್ಜೆಂಟೀನಾ, ಮೆಕ್ಸಿಕೊ, ಭಾರತ ಎಲ್ಲವೂ ದಶಕಗಟ್ಟಲೆ ಆಮದಿಗೆ ಬಾಗಿಲು ಹಾಕಿ ಒಳಗೇ ಎಲ್ಲವನ್ನೂ ಮಾಡಲು ನೋಡಿದವು. ಕಾರ್ಖಾನೆಗಳು ಬಂದದ್ದು ನಿಜ. ಆದರೆ ಬೇರೆ ಆಯ್ಕೆ ಇಲ್ಲದ ಗ್ರಾಹಕನಿಗೆ ಕಳಪೆ ಮಾಲನ್ನು ದುಬಾರಿ ಬೆಲೆಗೆ ಮಾರಿ ನೆಮ್ಮದಿಯಾಗಿದ್ದ ಮಾಲೀಕರೂ ಬಂದರು. ಲೈಸೆನ್ಸ್ ಯಾರ ಕೈಯಲ್ಲಿದೆಯೋ ಅವನೇ ಉದ್ಯಮಿ. ಮಾಲು ಸುಧಾರಿಸುವುದಕ್ಕಿಂತ ಮಂತ್ರಿಯ ಕಚೇರಿ ಮುಂದೆ ಕಾಯುವುದರಲ್ಲೇ ಲಾಭ ಜಾಸ್ತಿ ಇತ್ತು.

ಹಳೇ ಲೆಕ್ಕ

ನಿಮ್ಮ ಮಾತನ್ನು ತಳ್ಳಿ ಹಾಕುವುದಿಲ್ಲ. ಅವರು ಯಾಕೆ ಆ ದಾರಿ ಹಿಡಿದರು ಎನ್ನುವುದನ್ನಷ್ಟೇ ಸೇರಿಸುತ್ತೇನೆ.

1950ರಲ್ಲಿ ಅರ್ಥಶಾಸ್ತ್ರಜ್ಞರಾದ ರೌಲ್ ಪ್ರೆಬಿಷ್ ಮತ್ತು ಹಾನ್ಸ್ ಸಿಂಗರ್ ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ವಿಷಯ ತೋರಿಸಿದರು. ಕಾಲ ಕಳೆದಂತೆ ಕಚ್ಚಾ ಮಾಲಿನ ಬೆಲೆ, ತಯಾರಾದ ಸರಕಿನ ಬೆಲೆಯ ಮುಂದೆ ಕುಸಿಯುತ್ತಾ ಹೋಗುತ್ತದೆ. ಅಂದರೆ ಒಂದು ಟ್ರ್ಯಾಕ್ಟರ್ ಕೊಳ್ಳಲು ವರ್ಷದಿಂದ ವರ್ಷಕ್ಕೆ ಹೆಚ್ಚು ಮೂಟೆ ಕಾಫಿ ಕೊಡಬೇಕು. ಜನರ ಆದಾಯ ಎರಡು ಪಟ್ಟಾದರೆ ಅವರು ಎರಡು ಪಟ್ಟು ಕಾಫಿ ಕುಡಿಯುವುದಿಲ್ಲ, ಆದರೆ ಹೊಸ ಯಂತ್ರ, ಹೊಸ ಕಾರು ಕೊಳ್ಳುತ್ತಾರೆ. ಜೊತೆಗೆ ಕಾಫಿ ಬೆಳೆಯುವವರು ಲಕ್ಷಾಂತರ ಜನ, ಬೆಲೆ ಅವರ ಕೈಯಲ್ಲಿಲ್ಲ. ಹೀಗಿರುವಾಗ 'ನಾವೂ ಸರಕು ತಯಾರಿಸೋಣ' ಎಂದು ಹೊರಟಿದ್ದು ತಪ್ಪೇನಲ್ಲ. ಹೊರಟ ರೀತಿಯಲ್ಲಿ ಎಡವಿದರು.

ನೂಲು ಸೂಜಿ

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರ ಓದಿದವಳಲ್ಲ ನಾನು. ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದ್ದೇನೆ. ಹೆಲ್ಪರ್ ಆಗಿ ಸೇರಿ, ಆಪರೇಟರ್ ಆಗಿ, ಕೊನೆಗೆ ಲೈನ್ ಸೂಪರ್‌ವೈಸರ್ ಆದೆ. ಹಾಗಾಗಿ ಬಾಂಗ್ಲಾದೇಶದ ಕಥೆ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಅದನ್ನೇ ಹೇಳುತ್ತೇನೆ.

1970ರ ದಶಕದಲ್ಲಿ ಶ್ರೀಮಂತ ದೇಶಗಳು ಬಟ್ಟೆ ಆಮದಿಗೆ ದೇಶವಾರು ಕೋಟಾ ಹಾಕಿದವು. ಕೊರಿಯಾದ ಕೋಟಾ ತುಂಬುತ್ತಾ ಬಂತು. ಆಗ ಕೊರಿಯಾದ ಡೇವೂ ಕಂಪನಿ ಕೋಟಾ ಕಟ್ಟು ಇಲ್ಲದ ದೇಶ ಹುಡುಕುತ್ತಾ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಜೊತೆ ಕೈಜೋಡಿಸಿತು. 1979ರಲ್ಲಿ ಸುಮಾರು 130 ಜನ ಕೆಲಸಗಾರರನ್ನು, ಮೇಲ್ವಿಚಾರಕರನ್ನು ಕೊರಿಯಾದ ಬುಸಾನ್‌ಗೆ ಕಳಿಸಿದರು. ತಿಂಗಳುಗಟ್ಟಲೆ ಅಲ್ಲೇ ಇದ್ದು, ದೊಡ್ಡ ಕಾರ್ಖಾನೆಯ ಲೈನಿನಲ್ಲೇ ಕೂತು ಕಲಿತರು.

ಏನು ಕಲಿತರು ಅಂದುಕೊಂಡಿರಿ? ಹೊಲಿಯುವುದನ್ನು ಎಲ್ಲಿ ಬೇಕಾದರೂ ಕಲಿಯಬಹುದು. ಒಂದು ಅಂಗಿಯನ್ನು ಇಷ್ಟು ಆಪರೇಷನ್ ಎಂದು ಒಡೆಯುವುದು, ಕಾಲರ್‌ಗೆ ಎಷ್ಟು ಸೆಕೆಂಡು, ಕಫ್‌ಗೆ ಎಷ್ಟು ಎಂದು ಅಳೆಯುವುದು, ಪೀಸ್ ಎಲ್ಲೂ ಗುಡ್ಡೆ ಬೀಳದಂತೆ ಲೈನ್ ಬ್ಯಾಲೆನ್ಸ್ ಮಾಡುವುದು, ಕಟಿಂಗ್‌ನಲ್ಲಿ ಬಟ್ಟೆ ಪೋಲಾಗದಂತೆ ಮಾರ್ಕರ್, ಅಂದರೆ ಕತ್ತರಿಸುವ ಗುರುತಿನ ನಕ್ಷೆ ಹಾಕುವುದು, ಖರೀದಿದಾರ ಹೇಳಿದ ದಿನಕ್ಕೆ ಮಾಲು ಹಡಗು ಹತ್ತಿಸುವುದು. ಇದನ್ನು ಪುಸ್ತಕದಲ್ಲಿ ಓದಿ ಕಲಿಯಲು ಆಗುವುದಿಲ್ಲ. ನಾನೂ ಕಲಿತದ್ದು ಪಕ್ಕದಲ್ಲಿ ನಿಂತಿದ್ದ ಅಕ್ಕನಿಂದ. ಒಂದು ಮಷಿನ್ ಕೆಟ್ಟು ಅರ್ಧ ಗಂಟೆ ನಿಂತರೆ ಇಡೀ ಲೈನ್ ಯಾರ ಕಡೆ ನೋಡುತ್ತದೆ ಎಂಬುದು ಅಲ್ಲಿ ನಿಂತವರಿಗೇ ಗೊತ್ತು.

ಮುಂದಿನ ಕೆಲವು ವರ್ಷಗಳಲ್ಲಿ ಆ 130 ಜನರಲ್ಲಿ ಹೆಚ್ಚಿನವರು ಕಂಪನಿ ಬಿಟ್ಟರು. ಕೆಲವರು ತಮ್ಮದೇ ಕಾರ್ಖಾನೆ ತೆರೆದರು, ಕೆಲವರು ಬೇರೆಯವರ ಕಾರ್ಖಾನೆ ನಿಲ್ಲಿಸಿಕೊಟ್ಟರು. ಆ ಕಂಪನಿಗೆ ಅದು ನಷ್ಟವೇ. ದೇಶಕ್ಕೆ ಮಾತ್ರ ಬೀಜ ಚೆಲ್ಲಿದ ಹಾಗಾಯಿತು. ಇವತ್ತು ಬಾಂಗ್ಲಾದೇಶದ ರಫ್ತಿನಲ್ಲಿ ಶೇ. 80ಕ್ಕಿಂತ ಜಾಸ್ತಿ ಸಿದ್ಧ ಉಡುಪು.

ಟೂಲ್ ರೂಮ್

'ನೂಲು ಸೂಜಿ' ಮೇಡಂ, ನೀವು ವಿಷಯದ ಬೇರಿಗೇ ಕೈ ಹಾಕಿದಿರಿ. ನಾನು ಡೈ, ಅಂದರೆ ಲೋಹಕ್ಕೆ ಆಕಾರ ಕೊಡುವ ಅಚ್ಚು ಮಾಡುವವನು, ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ನನ್ನ ಮಟ್ಟಿಗೆ ಕಾರ್ಖಾನೆ ಅಂದರೆ ಕಟ್ಟಡವೂ ಅಲ್ಲ, ಯಂತ್ರವೂ ಅಲ್ಲ. ಯಂತ್ರ ಕೆಟ್ಟಾಗ ಬಿಚ್ಚಿ ಸರಿ ಮಾಡುವವನು, ಸರಿ ಮಾಡುತ್ತಾ ಮಾಡುತ್ತಾ 'ಇದನ್ನು ಇನ್ನೂ ಚೆನ್ನಾಗಿ ಮಾಡಬಹುದು' ಎಂದು ಕಂಡುಕೊಳ್ಳುವವನು ಒಳಗಿದ್ದರೆ ಅದು ಕಾರ್ಖಾನೆ.

ಈ ಕಣ್ಣಿನಿಂದ 'ಕುತೂಹಲಿ'ಯವರ ಘಾನಾವನ್ನು ನೋಡಿ. ತೇಮಾದ ಅಲ್ಯೂಮಿನಿಯಂ ಕಾರ್ಖಾನೆ ಅಮೆರಿಕದ ಕೈಸರ್ ಕಂಪನಿಯ ಹಿಡಿತದಲ್ಲಿತ್ತು. ಅಣೆಕಟ್ಟಿನ ವಿದ್ಯುತ್ತಿನ ದೊಡ್ಡ ಪಾಲು ಬಹಳ ಕಡಿಮೆ ದರಕ್ಕೆ ಅದಕ್ಕೇ ಹೋಯಿತು. ಘಾನಾದ ನೆಲದಲ್ಲಿ ಬಾಕ್ಸೈಟ್ ಇದ್ದರೂ ಕಾರ್ಖಾನೆಗೆ ಬೇಕಾದ ಅಲ್ಯೂಮಿನಾ, ಅಂದರೆ ಬಾಕ್ಸೈಟ್ ಶುದ್ಧ ಮಾಡಿದ ಪುಡಿ ಹಡಗಿನಲ್ಲಿ ಹೊರಗಿನಿಂದ ಬಂತು! ಆದ ಲೋಹವೂ ಹೊರಗೆ ಹೋಯಿತು. ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವುದು, ಲೋಹದಿಂದ ಪಾತ್ರೆ, ತಂತಿ, ಬಿಡಿಭಾಗ ಮಾಡುವುದು, ಈ ಹಿಂದಿನ ಮುಂದಿನ ಕೊಂಡಿಗಳೇ ಸರಿಯಾಗಿ ಬೆಳೆಯಲಿಲ್ಲ. ದೇಶದ ಪಾಲಿಗೆ ಉಳಿದದ್ದು ಅಗ್ಗದ ವಿದ್ಯುತ್ ಮಾರಿದ ಲೆಕ್ಕ, ಒಂದಿಷ್ಟು ಸಂಬಳ.

ನೈಜೀರಿಯಾದ ಅಜಾಒಕುಟಾ ಉಕ್ಕಿನ ಕಾರ್ಖಾನೆ ಇನ್ನೂ ನೋವಿನದು. ಸೋವಿಯತ್ ನೆರವಿನಿಂದ 1970ರ ದಶಕದ ಕೊನೆಗೆ ಶುರುವಾಯಿತು. ಕೋಟ್ಯಂತರ ಡಾಲರ್ ಸುರಿದರು. ಎಷ್ಟೋ ಸರ್ಕಾರಗಳು ಬಂದು ಹೋದರೂ ಅದು ಪೂರ್ತಿಯಾಗಿ ಉಕ್ಕು ಕೊಡುವ ಸ್ಥಿತಿಗೆ ಬರಲೇ ಇಲ್ಲ. ಟಾಂಜಾನಿಯಾದ ಮೊರೊಗೊರೊದಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಶೂ ಕಾರ್ಖಾನೆ ಕಟ್ಟಿದರು. ಚರ್ಮ ಆ ದೇಶದಲ್ಲೇ ಇತ್ತು. ಆದರೆ ತನ್ನ ಸಾಮರ್ಥ್ಯದ ಸಣ್ಣ ಚೂರಿನಷ್ಟು ಮಾತ್ರ ಅದು ಓಡಿತು, 1990ರ ಹೊತ್ತಿಗೆ ಬಾಗಿಲು ಹಾಕಿತು. ಯಂತ್ರ ಕೆಟ್ಟರೆ ಬಿಡಿಭಾಗ ಇಲ್ಲ, ಬಿಡಿಭಾಗಕ್ಕೆ ವಿದೇಶಿ ವಿನಿಮಯ ಇಲ್ಲ, ರಿಪೇರಿ ಗೊತ್ತಿರುವ ಕೈಗಳು ಇಲ್ಲ.

ಜಪಾನಿನಲ್ಲಿ ಇದಕ್ಕೆ ಸರಿ ಉಲ್ಟಾ ಆಯಿತು. 1872ರಲ್ಲಿ ತೊಮಿಯೊಕಾ ಎಂಬ ಊರಿನಲ್ಲಿ ಸರ್ಕಾರವೇ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ತೆರೆಯಿತು. ಫ್ರಾನ್ಸಿನಿಂದ ತಜ್ಞರನ್ನು ಕರೆಸಿದರು. ಊರೂರಿನಿಂದ ಹೆಣ್ಣುಮಕ್ಕಳು ಬಂದು ಕಲಿತರು. ಕಲಿತ ಮೇಲೆ ತಮ್ಮ ಸೀಮೆಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಬೇರೆಯವರಿಗೆ ಕಲಿಸಿದರು. ತೊಮಿಯೊಕಾ ಲಾಭ ಮಾಡಿತೋ ಇಲ್ಲವೋ ಎನ್ನುವುದು ನನಗೆ ಎರಡನೇ ಮಾತು. ಶಾಲೆಯ ಕೆಲಸವನ್ನಂತೂ ಅದು ಮಾಡಿತು.

ಕುತೂಹಲಿ

ಮೇಡಂ, ಸರ್, ಇಬ್ಬರಿಗೂ ಧನ್ಯವಾದ. ತೇಮಾ ಮತ್ತು ಬುಸಾನ್ ಎರಡನ್ನೂ ಅಕ್ಕಪಕ್ಕ ಇಟ್ಟು ನಾನು ಯಾವತ್ತೂ ನೋಡಿರಲಿಲ್ಲ.

ಹಾಗಾದರೆ 'ನೇರ ಮಾತು' ಅವರ ಪ್ರಶ್ನೆ ಉಳಿಯಿತಲ್ಲ. ಕೊರಿಯಾ ಕೂಡ ಸುಂಕದ ಗೋಡೆ ಕಟ್ಟಿತ್ತು, ಬೇಕಾದವರಿಗೆ ಅಗ್ಗದ ಸಾಲ ಕೊಟ್ಟಿತ್ತು. ಅಲ್ಲಿನ ಮಾಲೀಕರು ಯಾಕೆ ಸುಮ್ನೆ ಕೂತು ತಿನ್ನಲಿಲ್ಲ?

ನೇರ ಮಾತು

ನನ್ನ ಪ್ರಶ್ನೆಗೆ ನಾನೇ ಉತ್ತರ ಹುಡುಕಿದ್ದೇನೆ. ಕೂತು ತಿನ್ನಲು ಬಿಡಲಿಲ್ಲ.

1961ರಲ್ಲಿ ಪಾರ್ಕ್ ಚುಂಗ್ ಹೀ ಸೇನಾ ದಂಗೆಯಿಂದ ಅಧಿಕಾರ ಹಿಡಿದರು, ಬ್ಯಾಂಕುಗಳನ್ನು ಸರ್ಕಾರದ ಕೈಗೆ ತೆಗೆದುಕೊಂಡರು. ಅಗ್ಗದ ಸಾಲ ಬೇಕೆಂದರೆ ರಫ್ತು ಮಾಡಿ ತೋರಿಸಬೇಕಿತ್ತು. ಪ್ರತಿ ತಿಂಗಳು ಅಧ್ಯಕ್ಷರೇ ರಫ್ತಿನ ಸಭೆ ನಡೆಸುತ್ತಿದ್ದರು. ಒಳಗಿನ ಮಾರುಕಟ್ಟೆಯಲ್ಲಿ ಗ್ರಾಹಕನಿಗೆ ಮೋಸ ಮಾಡಬಹುದು. ಹೊರದೇಶದ ಖರೀದಿದಾರ ಕಳಪೆ ಮಾಲನ್ನು ವಾಪಸ್ ಕಳಿಸುತ್ತಾನೆ. ಆ ಅಳತೆಗೋಲು ಮಂತ್ರಿಯ ಕೈಯಲ್ಲೂ ಇರಲಿಲ್ಲ, ಮಾಲೀಕನ ಕೈಯಲ್ಲೂ ಇರಲಿಲ್ಲ. 1964ರಲ್ಲಿ 10 ಕೋಟಿ ಡಾಲರ್ ಇದ್ದ ರಫ್ತು 1977ರಲ್ಲಿ 1,000 ಕೋಟಿ ಡಾಲರ್ ಮುಟ್ಟಿತು.

ಉಕ್ಕಿನ ಕಾರ್ಖಾನೆ ಕಟ್ಟುತ್ತೇವೆ ಎಂದಾಗ ಇದು ನಡೆಯುವ ಮಾತಲ್ಲ ಎಂದು ವಿಶ್ವಬ್ಯಾಂಕ್ ಕೈಚೆಲ್ಲಿತು. ಕೊನೆಗೆ ವಸಾಹತು ಆಳ್ವಿಕೆಯ ಲೆಕ್ಕ ತೀರಿಸಲು ಜಪಾನ್ ಕೊಟ್ಟ ಹಣವನ್ನು ಪೊಹಾಂಗ್ ಎಂಬ ಊರಿನ ಉಕ್ಕಿನ ಕಾರ್ಖಾನೆಗೆ ಹಾಕಿದರು. ಎಂಜಿನಿಯರುಗಳನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು. 1973ರಲ್ಲಿ ಉಕ್ಕು ಹರಿಯಿತು. ಇದನ್ನು ಅಜಾಒಕುಟಾ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಮುಕ್ತ ಮಾರುಕಟ್ಟೆ ಮಾಡಿದ ಪವಾಡ ಏನೂ ಇಲ್ಲ ಎಂದು ನಾನೂ ಒಪ್ಪುತ್ತೇನೆ. ಮೊದಲು ಬೇರೆ ಥರ ಯೋಚಿಸುತ್ತಿದ್ದೆ.

ಮಣ್ಣಿನ ಮಾತು

ಯಾರೂ ರೈತರ ಸುದ್ದಿ ಎತ್ತಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಕೊರಿಯಾ 1950ರ ಆಸುಪಾಸಿನಲ್ಲಿ, ತೈವಾನ್ 1953ರಲ್ಲಿ ಭೂಸುಧಾರಣೆ ಮಾಡಿದವು. ಉಳುವವನಿಗೆ ಭೂಮಿ ಬಂತು. ಒಡೆಯರ ಪಾಲಾಗುತ್ತಿದ್ದ ಗೇಣಿ ರೈತನ ಮನೆಯಲ್ಲೇ ಉಳಿಯಿತು. ಮಕ್ಕಳು ಶಾಲೆಗೆ ಹೋದರು. ಅದೇ ಮಕ್ಕಳು ಮುಂದೆ ಕಾರ್ಖಾನೆಗೆ ಬಂದಾಗ ಓದು ಬರಹ ಬಲ್ಲವರಾಗಿದ್ದರು. ಹಳ್ಳಿಯವರ ಕೈಯಲ್ಲಿ ನಾಲ್ಕು ಕಾಸು ಆಡಿದ್ದರಿಂದ ತೈವಾನಿನ ಸಣ್ಣ ಸಣ್ಣ ಘಟಕಗಳಿಗೆ ಗಿರಾಕಿಯೂ ಸಿಕ್ಕಿದರು.

ಘಾನಾದಲ್ಲಿ ಏನಾಯಿತು? ಕೋಕೋ ಮಂಡಳಿ ಬ್ರಿಟಿಷರ ಕಾಲದ್ದು, 1947ರಲ್ಲಿ ಬಂದದ್ದು. ರೈತನಿಂದ ಕಡಿಮೆ ಬೆಲೆಗೆ ಕೊಂಡು ಹೊರಗೆ ಹೆಚ್ಚು ಬೆಲೆಗೆ ಮಾರುವುದು ಅದರ ಕೆಲಸ. ಸ್ವಾತಂತ್ರ್ಯ ಬಂದ ಮೇಲೂ ಅದು ಹಾಗೇ ಮುಂದುವರಿಯಿತು, ಆ ಲಾಭದಿಂದಲೇ ಕೈಗಾರಿಕೆ ಕಟ್ಟಲು ಹೊರಟರು. 1960ರ ದಶಕದ ನಡುವೆ ಕೋಕೋ ಬೆಲೆ ಜಗತ್ತಿನಲ್ಲೇ ಕುಸಿಯಿತು. 1966ರ ಫೆಬ್ರವರಿಯಲ್ಲಿ ಎನ್‌ಕ್ರೂಮಾ ಅವರನ್ನು ಸೇನೆ ಇಳಿಸಿತು. ಆಮೇಲೆ ಬಂದವರೂ ರೈತನನ್ನು ಹಿಂಡುವುದನ್ನು ಬಿಡಲಿಲ್ಲ. ರೈತರು ಹೊಸ ಗಿಡ ನೆಡುವುದನ್ನೇ ಕಡಿಮೆ ಮಾಡಿದರು, ಬೆಳೆದದ್ದನ್ನು ಗಡಿ ದಾಟಿಸಿ ಮಾರಿದರು. ಹಸುವಿಗೆ ಮೇವು ಹಾಕದೆ ಹಾಲು ಕರೆದರೆ ಎಷ್ಟು ದಿನ ನಡೆಯುತ್ತದೆ ಹೇಳಿ.

ನೂಲು ಸೂಜಿ

'ನೇರ ಮಾತು' ಸರ್, ಕೊರಿಯಾದ ಲೆಕ್ಕದಲ್ಲಿ ಒಂದು ಹೆಸರು ಬಿಟ್ಟು ಹೋಗಿದೆ. ಚೊನ್ ತೇ ಇಲ್. ಸೋಲ್ ನಗರದ ಬಟ್ಟೆ ಮಾರುಕಟ್ಟೆಯ ಕಿಷ್ಕಿಂಧೆಯಂಥ ಕೋಣೆಗಳಲ್ಲಿ ಚಿಕ್ಕ ಹುಡುಗಿಯರು ದೂಳು ಕುಡಿಯುತ್ತಾ ದಿನವಿಡೀ ಹೊಲಿಯುತ್ತಿದ್ದರು. ಅವನು ಅಲ್ಲೇ ಕಟಿಂಗ್ ಕೆಲಸ ಮಾಡುತ್ತಿದ್ದ ಹುಡುಗ. ಕಾರ್ಮಿಕ ಕಾನೂನು ಪುಸ್ತಕದಲ್ಲಿದೆ, ಜಾರಿಗೆ ತನ್ನಿ ಎಂದು ಕಚೇರಿ ಕಚೇರಿ ಅಲೆದ. ಯಾರೂ ಕೇಳಲಿಲ್ಲ. 1970ರ ನವೆಂಬರ್ 13ರಂದು, 22ನೇ ವಯಸ್ಸಿನಲ್ಲಿ, ಪ್ರತಿಭಟನೆಯಲ್ಲೇ ತನ್ನ ಪ್ರಾಣ ಕೊಟ್ಟ. 'ನಾವು ಯಂತ್ರಗಳಲ್ಲ' ಎಂದು ಕೂಗಿದ್ದ.

ನಾನು ಹೊಗಳಿದ ಬಾಂಗ್ಲಾದೇಶದಲ್ಲೇ 2013ರ ಏಪ್ರಿಲ್ 24ರಂದು ಗಾರ್ಮೆಂಟ್ಸ್ ಇದ್ದ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕ್, ಅಂಗಡಿಯವರು ಬಾಗಿಲು ಹಾಕಿದರು. ಹೊಲಿಗೆಯವರನ್ನು ಮಾತ್ರ ಕೆಲಸಕ್ಕೆ ಕರೆದರು. ಡೆಡ್‌ಲೈನ್ ಹತ್ತಿರ ಬಂದಾಗ ಲೈನಿನ ಮೇಲೆ ಬೀಳುವ ಒತ್ತಡ ನನಗೆ ಗೊತ್ತು. ನಾನು ಕೆಲಸ ಮಾಡಿದ ಒಂದು ಕಡೆ ತುರ್ತು ಬಾಗಿಲಿಗೇ ಬೀಗ ಹಾಕುತ್ತಿದ್ದರು, ಪೀಸ್ ಕಳವಾಗುತ್ತದೆ ಎಂದು. ಆ ಸುದ್ದಿ ನೋಡಿದ ದಿನ ನನಗೆ ಊಟ ಇಳಿಯಲಿಲ್ಲ.

ಬೆಳೆಯುವಾಗ ಇದೆಲ್ಲ ಇದ್ದದ್ದೇ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬೀಗ ತೆಗೆಯಲು ದೇಶ ಶ್ರೀಮಂತವಾಗಬೇಕಿಲ್ಲ. ಬಾಂಗ್ಲಾದೇಶದಲ್ಲಿ ಆ ದುರಂತದ ನಂತರ ಖರೀದಿದಾರ ಕಂಪನಿಗಳು, ಕಾರ್ಮಿಕ ಸಂಘಗಳು ಒಪ್ಪಂದ ಮಾಡಿಕೊಂಡು ಕಟ್ಟಡಗಳ ತಪಾಸಣೆ ಶುರು ಮಾಡಿದವು. ಮೊದಲೇ ಆಗಬಹುದಿತ್ತಲ್ವಾ?

ನೇರ ಮಾತು

ನಿಜ ಮೇಡಂ. ರಫ್ತಿನ ಅಂಕಿ ಬರೆಯುವಾಗ ಇದನ್ನೂ ಬರೆಯಬೇಕಿತ್ತು.

ಹೊಸ ಓದುಗ

ಇಡೀ ಚರ್ಚೆ ಓದಿದೆ. ಒಂದೇ ಸಂದೇಹ. ಕೊರಿಯಾ ಹೋದ ದಾರಿ ಇವತ್ತು ಹೊರಡುವ ದೇಶಕ್ಕೆ ತೆರೆದಿದೆಯಾ?

ಹಳೇ ಲೆಕ್ಕ

ಪೂರ್ತಿ ಮುಚ್ಚಿಲ್ಲ, ಆದರೆ ತುಂಬಾ ಕಿರಿದಾಗಿದೆ.

1982ರ ಆಗಸ್ಟಿನಲ್ಲಿ ಮೆಕ್ಸಿಕೊ ಸಾಲ ತೀರಿಸಲು ಆಗುವುದಿಲ್ಲ ಎಂದಿತು. ಅಮೆರಿಕದಲ್ಲಿ ಬಡ್ಡಿ ಏರಿದ್ದರಿಂದ ಒಂದಾದ ಮೇಲೊಂದು ದೇಶ ಮುಗ್ಗರಿಸಿತು. ಆಗ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್), ವಿಶ್ವಬ್ಯಾಂಕ್ ಸಾಲ ಕೊಟ್ಟವು, ಜೊತೆಗೆ ಷರತ್ತುಗಳನ್ನೂ ಕೊಟ್ಟವು. ಸುಂಕ ಇಳಿಸಿ, ಸರ್ಕಾರದ ಖರ್ಚು ಕಡಿಮೆ ಮಾಡಿ, ಖಾಸಗಿಯವರಿಗೆ ಬಿಡಿ. ಜಾಂಬಿಯಾದಲ್ಲಿ 1990ರ ದಶಕದಲ್ಲಿ ಸುಂಕ ತಟ್ಟನೆ ಇಳಿಯಿತು. ಹೊರಗಿನ ಬಟ್ಟೆ, ಅದರಲ್ಲೂ ಬಳಸಿ ಬಿಟ್ಟ ಬಟ್ಟೆ ಹರಿದು ಬಂತು. ಬಟ್ಟೆ ಗಿರಣಿಗಳು ಒಂದೊಂದಾಗಿ ನಿಂತವು. ಸೋಮಾರಿ ಗಿರಣಿ ಯಾವುದು, ಕಲಿಯುತ್ತಿದ್ದ ಗಿರಣಿ ಯಾವುದು ಎಂದು ಯಾರೂ ವಿಂಗಡಿಸಲಿಲ್ಲ.

1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು. 'ನಮ್ಮ ದೇಶದಲ್ಲಿ ಕಾರು ಮಾಡುವುದಾದರೆ ಇಷ್ಟು ಬಿಡಿಭಾಗ ಇಲ್ಲಿಯದೇ ಇರಲಿ' ಎಂದು ಕೊರಿಯಾ, ತೈವಾನ್ ಹಾಕುತ್ತಿದ್ದಂಥ ಷರತ್ತಿಗೆ ಅದರ ನಿಯಮದಲ್ಲಿ ಜಾಗವಿಲ್ಲ. ರಫ್ತಿಗೆ ಕೊಡುವ ಸಬ್ಸಿಡಿಗೂ ತಡೆ ಇದೆ, ತೀರಾ ಬಡ ದೇಶಗಳಿಗೆ ಮಾತ್ರ ಸ್ವಲ್ಪ ವಿನಾಯಿತಿ. ಇದರ ಮೇಲೆ ಚೀನಾದಂಥ ದೈತ್ಯನ ಪೈಪೋಟಿ, ಯಂತ್ರಗಳೇ ಮಾಡುವ ಕೆಲಸ. ಹಾಗಾಗಿ ಈಗ ಎಷ್ಟೋ ದೇಶಗಳಲ್ಲಿ ಕೈಗಾರಿಕೆಯ ಪಾಲು ಪೂರ್ತಿ ಏರುವ ಮೊದಲೇ ಇಳಿಯಲು ಶುರುವಾಗಿದೆ. ಹೊಲ ಬಿಟ್ಟವರು ಕಾರ್ಖಾನೆಗೆ ಹೋಗುತ್ತಿಲ್ಲ, ನೇರವಾಗಿ ಬೀದಿಬದಿ ವ್ಯಾಪಾರಕ್ಕೋ ದಿನಗೂಲಿಗೋ ಹೋಗುತ್ತಿದ್ದಾರೆ.

ಹೊಸ ಓದುಗ

ಇಂಡೊನೇಷ್ಯಾ ಈಚೆಗೆ ಏನೋ ಬೇರೆ ಮಾಡಿತಲ್ಲ, ನಿಕ್ಕಲ್ ವಿಷಯದಲ್ಲಿ?

ಹಳೇ ಲೆಕ್ಕ

ಹೌದು. 2020ರ ಜನವರಿಯಿಂದ ನಿಕ್ಕಲ್ ಅದಿರನ್ನು ಹಾಗೇ ಹೊರಗೆ ಕಳಿಸುವುದನ್ನು ನಿಲ್ಲಿಸಿತು. ಬೇಕಿದ್ದವರು ಇಲ್ಲೇ ಬಂದು ಕರಗಿಸಿ ಎಂದಿತು. ಚೀನಾದ ಕಂಪನಿಗಳು ಬಂದವು, ಮೊರೊವಾಲಿಯಂಥ ಕಡೆ ದೊಡ್ಡ ದೊಡ್ಡ ಕುಲುಮೆಗಳು ಎದ್ದವು. ಯುರೋಪಿಯನ್ ಒಕ್ಕೂಟ ದೂರು ಕೊಟ್ಟಿತು. 2022ರಲ್ಲಿ ವ್ಯಾಪಾರ ಸಂಸ್ಥೆಯ ಸಮಿತಿ ಇಂಡೊನೇಷ್ಯಾ ವಿರುದ್ಧ ತೀರ್ಪು ಕೊಟ್ಟಿತು, ಇಂಡೊನೇಷ್ಯಾ ಮೇಲ್ಮನವಿ ಹಾಕಿತು. ನಿಷೇಧ ಮುಂದುವರಿಯಿತು.

ಬೆಲೆಯೂ ತೆತ್ತಿದ್ದಾರೆ. ಕುಲುಮೆಗಳು ಕಲ್ಲಿದ್ದಲಿನ ವಿದ್ಯುತ್ತಿನಲ್ಲಿ ಓಡುತ್ತವೆ. 2023ರ ಡಿಸೆಂಬರಿನಲ್ಲಿ ಮೊರೊವಾಲಿಯ ಒಂದು ಕುಲುಮೆಯ ಸ್ಫೋಟದಲ್ಲಿ ಸುಮಾರು 20 ಜನ ಸತ್ತರು.

ಟೂಲ್ ರೂಮ್

ಮೊರೊವಾಲಿ ಬಗ್ಗೆ ನನಗೆ ತಿಳಿಯಬೇಕಾದದ್ದು ಇಷ್ಟೇ. ಕುಲುಮೆಯ ಒಳಗೋಡೆ ಸವೆದಾಗ ಅದನ್ನು ಬಿಚ್ಚಿ ಮತ್ತೆ ಕಟ್ಟುವವರು ಯಾರು? ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿಗೆ ಕೂತವರು ಯಾರು? ಡ್ರಾಯಿಂಗ್‌ಗಳು ಯಾವ ಭಾಷೆಯಲ್ಲಿವೆ, ಯಾರ ಬೀರುವಿನಲ್ಲಿವೆ? ಐದು ವರ್ಷದ ಹಿಂದೆ ಆ ಕೆಲಸಗಳನ್ನು ಹೊರಗಿನವರು ಮಾಡುತ್ತಿದ್ದು, ಇವತ್ತು ಇಂಡೊನೇಷ್ಯಾದ ಹುಡುಗರು ಮಾಡುತ್ತಿದ್ದರೆ ಅದು ಬುಸಾನ್ ದಾರಿ. ಇವತ್ತಿಗೂ ಅವರಿಗೆ ಬರೀ ಲೋಡಿಂಗ್ ಕೆಲಸ ಕೊಟ್ಟಿದ್ದರೆ ಅದು ತೇಮಾ ದಾರಿ.

ನೂಲು ಸೂಜಿ

ಹುಡುಗಿಯರನ್ನೂ ಸೇರಿಸಿ ಸರ್. ಗಾರ್ಮೆಂಟ್ಸ್‌ನಲ್ಲಿ ಮಷಿನ್ ಮೇಲೆ ಕೂತವರಲ್ಲಿ ಹೆಚ್ಚಿನವರು ಹೆಂಗಸರೇ. ಆದರೆ ಮೆಕ್ಯಾನಿಕ್ ಕೆಲಸ ಕಲಿಸಿ ಎಂದು ನಾನು ಮೂರು ಸಲ ಕೇಳಿದ್ದೆ. ಮೂರು ಸಲವೂ ಬೇರೆ ಯಾರನ್ನೋ ಕಳಿಸಿದರು. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಅಣ್ಣ ಊಟದ ಬಿಡುವಿನಲ್ಲಿ ಓವರ್‌ಲಾಕ್ ಹೊಲಿಗೆ ಮಷಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿದರು. ಅದಾದ ಮೇಲೆ ನನ್ನ ಲೈನ್ ಅರ್ಧ ಗಂಟೆ ನಿಂತದ್ದೇ ಇಲ್ಲ.